ಅತ್ತೆ ಬೂದಿ ಎಂದ ಬಣ್ಣ

ನಮ್ಮ ಮನೆಯ ಪಡಸಾಲೆಯಲ್ಲಿ ಬಹಳ ಕಾಲ ಒಂದು ಪ್ಲಾಸ್ಟಿಕ್ ಸ್ಟೂಲು ಇತ್ತು. ನಮ್ಮ ಮನೆಯವರದು ಬೀಜ-ಗೊಬ್ಬರದ ಅಂಗಡಿ. ಯಾವುದೋ ಗೊಬ್ಬರದ ಕಂಪನಿಯವರು ಪುಕ್ಕಟೆ ಕೊಟ್ಟದ್ದು ಅದು. ಮೇಲೊಂದು ಭತ್ತದ ತೆನೆ, ತೆನೆಯ ಪಕ್ಕದಲ್ಲಿ ನಗುವ ರೈತ. ಬಂದವರಿಗೆಲ್ಲ ನಾವು ಅವನ ಮುಖದ ಮೇಲೆಯೇ ಚಹಾದ ಲೋಟ ಇಡುತ್ತಿದ್ದೆವು. ಶಿಕಾರಿಪುರದಲ್ಲಿ ಹಳೆ ಮೇಜುಗಳಿಗೆ ಬಣ್ಣ ಹಚ್ಚಿ ಹೊಸದು ಮಾಡುವ ಹೆಂಗಸು ಯಾರು ಎಂದು ಕೇಳಿದರೆ ಬಸ್‌ಸ್ಟ್ಯಾಂಡಿನ ಹಣ್ಣಿನವರೂ ನಮ್ಮ ಮನೆ ತೋರಿಸುತ್ತಾರೆ. ಜಂಬವಲ್ಲ, ಇದ್ದದ್ದು ಇದ್ದ ಹಾಗೆ. ಅಂಥವಳ ಪಡಸಾಲೆಯಲ್ಲಿ ಗೊಬ್ಬರದ ಸ್ಟೂಲು. ಅದನ್ನು ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಕಾರಣ ನಮ್ಮ ಅತ್ತೆ. ಪಡಸಾಲೆಯಲ್ಲಿ ಏನಿರಬೇಕು, ಏನಿರಬಾರದು ಎನ್ನುವುದು ಅವರ ಕೈಯಲ್ಲಿತ್ತು. ಅದರಲ್ಲೂ ಬಣ್ಣದ ವಿಷಯಕ್ಕೆ ಬಂದರೆ ಮನೆಯಲ್ಲಿ ಅವರದೇ ಕೊನೆಯ ಮಾತು. ಅವರು ಬಟ್ಟೆ ವ್ಯಾಪಾರಿಯ ಮಗಳು. ಅವರ ಅಪ್ಪ ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಈಸೂರಿನಿಂದ ಕುಪ್ಪಗಡ್ಡೆಯವರೆಗೆ ಊರೂರು ತಿರುಗುತ್ತಿದ್ದರಂತೆ. ಮನೆಯಲ್ಲಿ ಗಂಟು ಬಿಚ್ಚಿ, ಸೀರೆಗಳನ್ನು ಬಿಸಿಲಿಗೆ ಹಿಡಿದು, ಬಣ್ಣಬಣ್ಣವನ್ನೇ ಬೇರೆ ಮಾಡಿ ಇಡುವ ಕೆಲಸ ಈ ಮಗಳದಾಗಿತ್ತು. ಈಗ ನಾವು ನೀಲಿ, ಹಸಿರು ಎಂದು ಎರಡೇ ಮಾತಿನಲ್ಲಿ ಮುಗಿಸುವ ಕಡೆ ಅತ್ತೆಯ ಬಾಯಲ್ಲಿ ಹತ್ತು ಹೆಸರು ಇರುತ್ತಿತ್ತು. ಗಿಳಿಹಸಿರು, ನೀಲಿ ಬೆರೆತ ಹಸಿರಿಗೆ ರಾಮಾ, ನವಿಲುಕತ್ತು, ನೇರಳೆಹಣ್ಣು, ಈರುಳ್ಳಿ ಸಿಪ್ಪೆ, ಮಾವಿನ ಚಿಗುರು. ಇವೆಲ್ಲ ನಾನು ಅವರಿಂದಲೇ ಕಲಿತದ್ದು. ಇದನ್ನು ಒಪ್ಪಿಕೊಳ್ಳಲು ನನಗೇನೂ ಕಷ್ಟವಿಲ್ಲ.

ನಾನು ಸೊರಬದ ಕಡೆಯವಳು, ಜಡೆಯ ಹತ್ತಿರದ ಹಳ್ಳಿ. ಮಗಳ ಮದುವೆ ಮಾಡಿ ಕೊಟ್ಟಾಗಿದೆ, ಆದರೂ ನಾನು ‘ಎಂತ’ ಎಂದರೆ ಅತ್ತೆ ಈಗಲೂ ‘ಎಂತ ಅಂತೆ ಎಂತ’ ಎಂದು ಅಣಕಿಸುತ್ತಾರೆ. ಮೇಜಿನ ಹುಚ್ಚು ಹಿಡಿದದ್ದು ತವರಿನಲ್ಲೇ. ಹಿಂದೆಲ್ಲ ಅನುಕೂಲಸ್ಥರ ಮನೆಯಲ್ಲಿ ಫೋನಿಗೆಂದೇ ಒಂದು ಪುಟ್ಟ ಮೇಜು ಇರುತ್ತಿತ್ತು, ಮೇಲೆ ಕ್ರೋಶ ಹಾಕಿದ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಫೋನು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಆ ಮೇಜಿಗೆ ಕೆಲಸವೇ ಇಲ್ಲದಂತಾಯಿತು. ನಮ್ಮ ತವರಿನದು ಕೊಟ್ಟಿಗೆ ಸೇರಿ, ಅದರ ಮೇಲೆ ಹಿಂಡಿಯ ಬಕೆಟ್ಟು ಕೂತಿತ್ತು. ಅಣ್ಣನ ಹತ್ತಿರ ಕೇಳಿದರೆ ‘ಒಲೆಗಾದರೂ ಹಾಕು, ಹೊತ್ತುಕೊಂಡಾದರೂ ಹೋಗು’ ಎಂದ. ಹೊತ್ತುಕೊಂಡೇ ಹೋದೆ. ಜಡೆಯಿಂದ ಸೊರಬದ ಬಸ್ಸು, ಸೊರಬದಿಂದ ಶಿಕಾರಿಪುರದ ಬಸ್ಸು, ತೊಡೆಯ ಮೇಲೆ ಮಗುವಿನ ಹಾಗೆ ಮೇಜು. ಎದುರಿನ ಸೀಟಿನವರು ಬಹಳ ಹೊತ್ತು ನೋಡಿ, ಅದು ಮಾತ್ರ ಯಾಕ್ರೀ, ಫೋನ್ ಕೊಡಲಿಲ್ಲವೇನ್ರೀ ತವರಿನವರು ಎಂದು ಕೇಳಿದರು.

ಆಮೇಲೆ ಗುಜರಿ ಅಂಗಡಿಯವರೇ ಹೇಳಿ ಕಳಿಸತೊಡಗಿದರು. ಟಿವಿಗಳೆಲ್ಲ ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ಟಿವಿ ಮೇಜುಗಳು ರಾಶಿರಾಶಿ ಬಂದವು. ಒಂದು ಕಾಲು ಗಿಡ್ಡವಾದ ಟೀಪಾಯಿಗಳು, ಹೊಲಿಗೆ ಯಂತ್ರ ಕಳೆದುಕೊಂಡ ಮೇಜುಗಳು, ಯಾರದೋ ಮನೆಯ ಮೂರು ಕಾಲಿನ ಸ್ಟೂಲು. ಹಿತ್ತಲಲ್ಲಿ ಮೆಕ್ಕೆಜೋಳದ ಚೀಲ ಇಡುತ್ತಿದ್ದ ತಗಡಿನ ಕೊಟ್ಟಡಿ ಖಾಲಿ ಬಿದ್ದಿತ್ತು, ಅದೇ ನನ್ನ ಕಾರ್ಖಾನೆಯಾಯಿತು. ಹಳೆ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಉಜ್ಜಿ ತೆಗೆಯಬೇಕು, ಬಿರುಕಿಗೆ ಪುಟ್ಟಿ ಮೆತ್ತಬೇಕು, ಪ್ರೈಮರ್ ಹೊಡೆದು ಒಣಗಲು ಬಿಡಬೇಕು, ಮತ್ತೆ ಉಜ್ಜಬೇಕು. ಬಣ್ಣ ಹಚ್ಚುವುದು ಕೊನೆಯ ಸುಖ. ಆ ಸುಖದಲ್ಲಿ ಅವಸರ ಮಾಡಿದರೆ ಕೆಟ್ಟಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಬ್ರಷ್ಷು ಹಿಡಿದಾಗ ನನ್ನಷ್ಟು ತಾಳ್ಮೆಯವಳನ್ನು ನೀವು ನೋಡಿರಲಿಕ್ಕಿಲ್ಲ.

ನನ್ನ ಲೆಕ್ಕದಲ್ಲಿ ಮೇಜೆಂದರೆ ಒಂದು ಸೀರೆ. ಕಾಲುಗಳು ಒಡಲು, ಸುತ್ತಲಿನ ಪಟ್ಟಿ ಅಂಚು, ಮೇಲಿನ ಹಲಗೆ ಸೆರಗು. ಯಾವ ಒಡಲಿಗೆ ಯಾವ ಸೆರಗು ಹೊಂದುತ್ತದೆ ಎಂಬುದು ಸೀರೆ ಉಡುವವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಣ್ಣದ ಅಂಗಡಿಗೆ ಹೋಗುವಾಗ ನಾನು ಬ್ಲೌಸ್ ಪೀಸು ಒಯ್ಯುತ್ತೇನೆ. ಅಂಗಡಿಯವರು ಮೊದಮೊದಲು ಶೇಡ್ ಕಾರ್ಡು ಮುಂದೆ ಹಿಡಿದು, ನಂಬರ್ ಹೇಳ್ರೀ ಅಕ್ಕಾ, ಇದು ಮ್ಯಾಚಿಂಗ್ ಸೆಂಟರ್ ಅಲ್ಲ ಎಂದು ಗೊಣಗಿದರು. ನಾನು ಬಿಡಲಿಲ್ಲ. ಬ್ಲೌಸ್ ಪೀಸನ್ನು ಡಬ್ಬಿಯ ಪಕ್ಕ ಹಿಡಿದು, ಇನ್ನೊಂದು ಹನಿ ಕಪ್ಪು ಹಾಕ್ರೀ, ಹ್ಞಾ, ಸಾಕು ಎಂದು ನಿಂತು ಮಾಡಿಸಿದೆ. ಈಗ ಅದೇ ಅಂಗಡಿಯವರು ಬೇರೆ ಗಿರಾಕಿಗಳಿಗೆ ‘ರಾಮಾ ಒಡಲಿಗೆ ಈರುಳ್ಳಿ ಸಿಪ್ಪೆ ಅಂಚು ಹಾಕಿ ನೋಡ್ರೀ’ ಎನ್ನುತ್ತಾರಂತೆ. ಕೇಳಿ ನನಗೆ ಹೊಟ್ಟೆ ತುಂಬ ನಗು ಬಂತು.

ತವರಿನ ಆ ಫೋನ್ ಮೇಜನ್ನು ನಾನು ನವಿಲುಕತ್ತಿನ ನೀಲಿಯಲ್ಲಿ ಮುಗಿಸಿದ್ದೆ. ಹಿಂಡಿಯ ಬಕೆಟ್ಟು ಹೊತ್ತ ಮೇಜು ಇದೇನಾ ಎಂದು ನನಗೇ ಅನುಮಾನ ಬರುವಂತಿತ್ತು. ಬಿಸಿಲಲ್ಲಿ ನಿಲ್ಲಿಸಿ ಅತ್ತೆಯನ್ನು ಕರೆದೆ. ಅವರು ಬಂದು, ಬಗ್ಗಿ, ಸುತ್ತ ನೋಡಿ, ಸೆರಗಿನಿಂದ ಹಲಗೆ ಒರೆಸಿ ಮತ್ತೆ ನೋಡಿದರು.

“ಇದೇನವ್ವಾ, ಒಲೆ ಬೂದಿ ಬಳದೀಯಲ್ಲ. ಇಂಥದ್ದು ಪಡಸಾಲೆಗೆ ಬ್ಯಾಡ” ಎಂದರು.

ಅಷ್ಟೇ. ಒಳಗೆ ಹೋದರು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಮೇಜನ್ನು ಮಾರಲು ಮನಸ್ಸಾಗಲಿಲ್ಲ, ಕೊಟ್ಟಡಿಯ ಮೂಲೆಯಲ್ಲಿ ಇಟ್ಟೆ. ಅಲ್ಲಿಂದ ಮುಂದೆ ಪ್ರತಿ ಮೇಜಿಗೂ ಇದೇ ಕತೆ. ರಾಮಾ ಹಚ್ಚಿದರೆ ಸಗಣಿ ಎಂದರು. ನೇರಳೆ ಹಚ್ಚಿದರೆ ಮಸಿ ಎಂದರು. ಅತ್ತ ನನ್ನ ಮೇಜುಗಳು ಸಾಗರಕ್ಕೆ ಹೋದವು, ದಾವಣಗೆರೆಗೆ ಹೋದವು. ಸೊರಬದ ಒಬ್ಬ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿಗೆ ಒಂದು ಒಯ್ದು, ಆಮೇಲೆ ಮನೆಗೆ ಇನ್ನೊಂದು ಒಯ್ದರು. ಮದುವೆಗೆ ಉಡುಗೊರೆ ಕೊಡಲು ಒಯ್ದವರಿದ್ದಾರೆ. ಊರಿಗೆಲ್ಲ ಚಂದ ಕಂಡದ್ದು ಮನೆಯಲ್ಲಿ ಬೂದಿ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಬಂದ ಮಾತಲ್ಲ ನೋಡಿ.

ಹೋಗಲಿ ಎಂದು ಬಿಡುವ ಜಾತಿ ನನ್ನದಲ್ಲ. ಯಾರು ಏನೇ ಹೊಗಳಲಿ, ಬಣ್ಣ ಕಲಿಸಿದ ಅತ್ತೆಯ ಬಾಯಿಂದ ಒಂದು ಸಲ ‘ಚಂದ ಐತಿ’ ಎಂಬ ಮಾತು ಬರಬೇಕು, ನನ್ನ ಮೇಜು ನಮ್ಮ ಪಡಸಾಲೆಯಲ್ಲಿ ಕೂರಬೇಕು. ಇದು ನನ್ನ ಹಟವಾಗಿಬಿಟ್ಟಿತು. ಕದ್ದು ತಂದಿಡಬಹುದಿತ್ತು. ನಮ್ಮ ಮನೆಯವರು ಹಾಗೇ ಹೇಳಿದರು ಕೂಡ, ಇಡು, ಎರಡು ದಿನ ಬೈಯುತ್ತಾರೆ, ಆಮೇಲೆ ರೂಢಿಯಾಗುತ್ತದೆ ಎಂದು. ಬೈಸಿಕೊಂಡು ಇಟ್ಟ ಮೇಜಿಗೆ ಏನು ಮರ್ಯಾದೆ? ಅವರೇ ತಂದಿಡು ಎನ್ನಬೇಕು.

ಒಂದು ಟೀಪಾಯಿಯನ್ನು ಅವರು ಹೇಳಿದ ಹಾಗೆಯೇ ಮಾಡಿ ನೋಡೋಣ ಎಂದುಕೊಂಡೆ. ಹಳದಿ ಹಚ್ಚಿದೆ. ಇನ್ನೂ ಗಾಢ ಇರಲಿ ಎಂದರು. ಗಾಢ ಮಾಡಿದೆ. ಅಂಚಿಗೆ ಕೆಂಪು ಹಾಕು ಎಂದರು, ಕಾಲಿಗೆ ಕಿತ್ತಳೆ ಹಾಕು ಎಂದರು. ಎಲ್ಲ ಮುಗಿದ ಮೇಲೆ ಕಣ್ಣು ಕಿರಿದು ಮಾಡಿ, ಈಗ ಒಂಚೂರು ಬಣ್ಣ ಬಂತು ನೋಡು ಎಂದು ತಲೆ ಆಡಿಸಿದರು. ಮರುದಿನ ಮೇಜು ನೋಡಲು ಬಂದ ಒಬ್ಬ ಮೇಷ್ಟರು ಆ ಟೀಪಾಯಿಯ ಮುಂದೆ ನಿಂತು, ಇದು ಯಾವ ಬಯಲಾಟದ ತಂಡದ್ದು ಅಮ್ಮಾ ಎಂದು ಬಹಳ ವಿನಯದಿಂದ ಕೇಳಿದರು. ನಾನು ಆ ಸಂಜೆಯೇ ಅದನ್ನು ಉಜ್ಜಲು ಕೂತೆ. ಅತ್ತೆಯ ಕಣ್ಣಿನಲ್ಲೇ ಏನೋ ಇದೆ ಎಂದು ಆಗಲೂ ನನಗೆ ಹೊಳೆಯಲಿಲ್ಲ. ಬೇಕೆಂದೇ ನನ್ನನ್ನು ಆಡಿಸುತ್ತಿದ್ದಾರೆ ಎಂದುಕೊಂಡೆ.

ಕಣ್ಣಿನ ವಿಷಯ ಹೊರಗೆ ಬಿದ್ದದ್ದು ಸೂಜಿಯಿಂದ. ಹೂ ಪೋಣಿಸುವುದಕ್ಕಿಂತ ಸಲೀಸಾಗಿ ಸೂಜಿಗೆ ದಾರ ಪೋಣಿಸುತ್ತಿದ್ದ ಅತ್ತೆ ದಾರದ ತುದಿಯನ್ನು ಗಾಳಿಯಲ್ಲಿ ಚುಚ್ಚುತ್ತ ಕೂತಿದ್ದನ್ನು ನಮ್ಮ ಮನೆಯವರು ನೋಡಿದರು. ಕೇಳಿದರೆ, ಈಗಿನ ಸೂಜಿಗೆ ಕಣ್ಣೇ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅಡುಗೆಮನೆಯಲ್ಲಿ ನನ್ನಷ್ಟಕ್ಕೆ ಅಂದುಕೊಂಡೆ. ಬಲವಂತ ಮಾಡಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು ಎರಡೂ ಕಣ್ಣಿಗೆ ಗಟ್ಟಿ ಪೊರೆ ಬಂದಿದೆ, ಇಷ್ಟು ವರ್ಷ ಹೇಗೆ ಸುಮ್ಮನಿದ್ದಿರಿ ಎಂದು ಬೈದರು. ಪೊರೆ ಬಲಿತರೆ ಎಲ್ಲ ಮಂಕು ಹಳದಿಯಾಗಿ ಕಾಣುತ್ತದೆ, ಅದರಲ್ಲೂ ನೀಲಿ ಸತ್ತೇ ಹೋಗುತ್ತದೆ ಎಂದು ಅವರೇ ಹೇಳಿದ್ದು. ಮೊದಲು ಬಲಗಣ್ಣು, ಅದು ವಾಸಿಯಾದ ಮೇಲೆ ಎಡಗಣ್ಣು ಎಂದಾಯಿತು.

ಡಾಕ್ಟರ ಮಾತು ಕೇಳಿ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟೆ. ನೀಲಿ ಸತ್ತೇ ಹೋಗುತ್ತದೆ. ನವಿಲುಕತ್ತು ಬೂದಿಯಾದದ್ದು ಹೀಗೆ. ಅಯ್ಯೋ ಪಾಪ ಅನ್ನಿಸಬೇಕಿತ್ತು, ಅನ್ನಿಸಿತು ಕೂಡ. ಆದರೆ ಅದಕ್ಕಿಂತ ಮೊದಲು ಅನ್ನಿಸಿದ್ದು ಬೇರೆ. ಹಾಗಾದರೆ ನನ್ನ ಬಣ್ಣ ತಪ್ಪಾಗಿರಲಿಲ್ಲ. ಈ ಪೊರೆ ಕಳಚಲಿ, ಆಗ ಏನು ಹೇಳುತ್ತಾರೋ ನೋಡಿಯೇಬಿಡೋಣ.

ಬಲಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ಮೇಲೆ ಕರಿ ಕನ್ನಡಕ ಹಾಕಿಕೊಂಡು ಒಳಕೋಣೆಯಲ್ಲೇ ಇದ್ದರು. ಕಣ್ಣಿಗೆ ಹೊತ್ತು ಹೊತ್ತಿಗೆ ಹನಿ ಹಾಕುವ ಕೆಲಸ ನನ್ನದು. ಮನೆಯಲ್ಲಿ ಉಡುವ ಕಪ್ಪು-ಬಿಳಿ ಚೌಕಡಿಯ ಹಳೆ ಕೈಮಗ್ಗದ ಸೀರೆ ಬಿಟ್ಟರೆ ಬೇರೆ ಉಟ್ಟಿರಲಿಲ್ಲ. ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ಮೇಲೆ ಒಂದು ಬೆಳಿಗ್ಗೆ ತಾವೇ ಎದ್ದು ಹಿತ್ತಲಿಗೆ ಬಂದರು. ನಾನು ಕೊಟ್ಟಡಿಯ ಬಾಗಿಲು ಪೂರ್ತಿ ತೆರೆದಿಟ್ಟು, ಸ್ಯಾಂಡ್‌ಪೇಪರ್ ಉಜ್ಜುವ ನೆವದಲ್ಲಿ ಕೂತಿದ್ದೆ. ಅತ್ತೆ ಹೊಸ್ತಿಲಲ್ಲಿ ನಿಂತರು. ಒಂದೊಂದೇ ಮೇಜು ನೋಡಿದರು. ಮೂಲೆಯ ಫೋನ್ ಮೇಜಿನ ಹತ್ತಿರ ಹೋಗಿ, ಹಲಗೆಯ ಮೇಲೆ ಅಂಗೈ ಇಟ್ಟು, ಬಹಳ ಹೊತ್ತು ನಿಂತರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಉಜ್ಜಿದ ಜಾಗವನ್ನೇ ಮತ್ತೆ ಉಜ್ಜಿದೆ.

“ನಾ ಆಸ್ಪತ್ರಿಗೆ ಹೋದಾಗ ಎಲ್ಲಾದಕ್ಕೂ ಬ್ಯಾರೆ ಬಣ್ಣ ಹೊಡದೀ, ಅಲ್ಲೇನು?” ಎಂದರು.

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಇಲ್ಲ ಅತ್ತೆ, ಇದು ಮೊದಲಿಂದ ಇದ್ದ ಬಣ್ಣವೇ ಎಂದೆ. ಅವರು ಒಪ್ಪಲಿಲ್ಲ. ಬೂದಿ ಇತ್ತು, ನಾನೇ ನೋಡಿದ್ದೇನೆ, ನಾನು ಬೈದದ್ದು ನಾಟಿ ಬದಲಾಯಿಸಿದ್ದೀಯ, ಒಳ್ಳೇದೇ ಆಯಿತು, ಒಪ್ಪಿಕೊಳ್ಳುವುದಕ್ಕೇನು ಎಂದರು. ನಾನು ಒಪ್ಪಿಕೊಳ್ಳಬೇಕಂತೆ! ಇಷ್ಟು ವರ್ಷ ಬೂದಿ, ಸಗಣಿ, ಮಸಿ ಎಂದು ಕೇಳಿ ಕೇಳಿ ಹಲ್ಲು ಕಚ್ಚಿಕೊಂಡವಳು ಈಗ ಅವರ ಮಾತು ಕೇಳಿಯೇ ಬಣ್ಣ ಸುಧಾರಿಸಿತು ಎಂದು ಒಪ್ಪಬೇಕು. ಕಣ್ಣಿನ ಆಪರೇಷನ್ ಆದವರು, ಜೋರು ಮಾಡಬಾರದು ಎಂಬುದೆಲ್ಲ ಮರೆತೇ ಹೋಯಿತು.

“ಮೇಜಿಗೆ ಬ್ಯಾರೆ ಬಣ್ಣ ಬಳಿದೆ ಅಂತೀರಿ. ಟ್ರಂಕಿನಲ್ಲಿರೋ ನಿಮ್ಮ ಸೀರೆಗೂ ನಾನೇ ಬಳಿದ್ನೇನ್ರೀ?” ಎಂದುಬಿಟ್ಟೆ.

ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇಲ್ಲೊಂದು ವಿಷಯ ಹೇಳಬೇಕು. ಮಾವ ತೀರಿಕೊಂಡ ಮೇಲೆ ಅತ್ತೆ, ಯಾರೂ ಹೇಳದಿದ್ದರೂ, ತಾವೇ ಬಣ್ಣ ಬಿಟ್ಟಿದ್ದರು. ನನಗೆ ಇನ್ನು ಬೂದಿ ಬಣ್ಣದ್ದೇ ಸಾಕು ಎಂದು ಅಂಗಡಿಯಲ್ಲಿ ಹುಡುಕಿ ಹುಡುಕಿ ಮಂಕಾದದ್ದನ್ನೇ ತರುತ್ತಿದ್ದರು. ಬಟ್ಟೆ ವ್ಯಾಪಾರಿಯ ಮಗಳು ತನ್ನ ಸೀರೆಯನ್ನು ಇನ್ನೊಬ್ಬರ ಕೈಲಿ ಆರಿಸುವುದುಂಟೇ? ಕೆಲವು ವರ್ಷ ಕಳೆದ ಮೇಲೆ ಹಬ್ಬಕ್ಕೊಂದು ನೀಲಿ ಸೀರೆ ಬಂತು. ಆಮೇಲೆ ಇನ್ನೂ ಒಳ್ಳೆ ನೀಲಿ, ಆಮೇಲೆ ರಾಮಾ. ಅವರ ಮನಸ್ಸು ತಿಳಿಯಾಗಿದೆ, ಹೇಳಿಕೊಳ್ಳಲು ನಾಚಿಕೆ ಎಂದು ನಾನು ತಿಳಿದೆ. ಎತ್ತಿ ಆಡಿದರೆ ಎಲ್ಲಿ ಮತ್ತೆ ಬೂದಿಗೆ ಹೋಗುತ್ತಾರೋ ಎಂದು ಮನೆಯವರಿಗೂ ಮಗಳಿಗೂ ಬಾಯಿ ಬಿಡಬೇಡಿ ಎಂದಿದ್ದೆ. ಡಾಕ್ಟರು ಹೇಳಿದ ದಿನ ಮೇಜಿನ ಜೊತೆ ಇದೂ ಹೊಳೆಯಿತು. ಅತ್ತೆ ಆರಿಸಿದ್ದು ಬೂದಿಯನ್ನೇ. ಉಟ್ಟದ್ದು ಮಾತ್ರ ನವಿಲುಕತ್ತು.

ಅವರು ಒಳಗೆ ಹೋದರು. ಟ್ರಂಕಿನ ಮುಚ್ಚಳ ಎತ್ತಿದ ಸದ್ದು ಕೇಳಿತು. ಹಿಂದೆ ಹೋಗಲೋ ಬೇಡವೋ ಎಂದು ನಿಂತಿರುವಷ್ಟರಲ್ಲಿ ನವಿಲುಕತ್ತಿನ ಒಂದು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೇ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಹರವಿದರು. ಅವರ ಅಪ್ಪನ ಗಂಟು ಬಿಚ್ಚಿ ನೋಡುತ್ತಿದ್ದದ್ದು ಹೀಗೆಯೇ ಇದ್ದೀತು. ಬಲಗಣ್ಣಿಗೆ ಅಂಗೈ ಮುಚ್ಚಿ ಇನ್ನೂ ಪೊರೆ ಇದ್ದ ಎಡಗಣ್ಣಿನಲ್ಲಿ ನೋಡಿದರು. ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದರು. ಮತ್ತೆ ಆ ಕಣ್ಣು, ಮತ್ತೆ ಈ ಕಣ್ಣು. ಆಮೇಲೆ ಕೊಟ್ಟಡಿಗೆ ಬಂದು ಫೋನ್ ಮೇಜಿನ ಮುಂದೆಯೂ ಹಾಗೆಯೇ ಮಾಡಿದರು. ನಾನು ಪಕ್ಕದಲ್ಲಿ ನಿಂತೇ ಇದ್ದೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಹೆದರಿಕೆಯಾಯಿತು. ಗಂಡ ಸತ್ತ ಮೇಲೆ ಬಣ್ಣ ಬೇಡವೆಂದು ಮನಸಾರೆ ಬಿಟ್ಟವರಿಗೆ ನಾನು ಹೀಗೆ ತೋರಿಸಬಾರದಿತ್ತೇನೋ.

ಮತ್ತೆ ಹೊರಗೆ ಹೋಗಿ ಕಲ್ಲಿನ ಮೇಲೆ ಸೀರೆಯ ಪಕ್ಕದಲ್ಲಿ ಕೂತರು. ಇದನ್ನು ಉಟ್ಟುಕೊಂಡು ಎಲ್ಲೆಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಈಸೂರಿನ ಗೃಹಪ್ರವೇಶ, ಮೊಮ್ಮಗಳ ಸೀಮಂತ, ಬ್ಯಾಂಕು, ಮಠ, ನನಗೆ ನೆನಪಿದ್ದಷ್ಟು ಹೇಳಿದೆ. ಒಂದೊಂದಕ್ಕೂ ಶಿವನೇ ಎಂದರು. ಕೊನೆಗೆ ತಲೆ ಎತ್ತದೆ ಕೇಳಿದರು.

“ಮಂದಿ ಏನಂದ್ರು?”

“ಚಂದ ಕಾಣ್ತಾರೆ ಅಂದ್ರು.”

“ಬ್ಯಾರೆ ಏನೂ ಅನ್ನಲಿಲ್ಲ?”

“ಎಂತದೂ ಇಲ್ಲ. ನಿಮ್ಮಾಣೆ.”

‘ಎಂತ’ವನ್ನು ಅವರು ಅಣಕಿಸಲಿಲ್ಲ. ಸೀರೆಯ ಅಂಚನ್ನು ಬೆರಳಿನಲ್ಲಿ ಸವರುತ್ತ, ಅಪ್ಪ ಈ ಬಣ್ಣದ ಸೀರೆ ಬಂದರೆ ಗಂಟಿನ ಮೇಲೆಯೇ ಇಡುತ್ತಿದ್ದ, ಬಿಚ್ಚಿದ ಕೂಡಲೇ ಹೆಂಗಸರ ಕಣ್ಣಿಗೆ ಬೀಳಲಿ ಎಂದು, ಎಂದರು. ಆಮೇಲೆ ಸೀರೆ ಮಡಚಿಕೊಂಡು ಒಳಗೆ ಹೋಗಿ, ಊಟದ ಹೊತ್ತಿನವರೆಗೂ ಹೊರಗೆ ಬರಲಿಲ್ಲ. ಆ ದಿನ ನನಗೆ ಯಾವ ಮೇಜೂ ಮುಟ್ಟಲಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅದೇ ನವಿಲುಕತ್ತಿನ ಸೀರೆ ಉಟ್ಟಿದ್ದರು. ಹಣೆಗೆ ವಿಭೂತಿ, ನೆರಿಗೆ ಒಂದಿಷ್ಟೂ ಆಚೀಚೆ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು.

“ಆ ಗೊಬ್ಬರದ ಸ್ಟೂಲು ಹಿತ್ತಲಿಗೆ ಒಗಿ. ಇದಕ್ಕ ಹೊಂದೋ ಮೇಜು ತಂದಿಡು.”

ಹಾಲು ಉಕ್ಕಿದ್ದೂ ನೋಡದೆ ಓಡಿದೆ. ಫೋನ್ ಮೇಜನ್ನು ಒರೆಸಿ ಎತ್ತಿ ತಂದು ಪಡಸಾಲೆಯ ಕಿಟಕಿಯ ಕೆಳಗೆ ಇಟ್ಟೆ. ಅಲ್ಲಿ ಬೇಡ, ಬಾಗಿಲು ದಾಟಿದ ಕೂಡಲೇ ಕಾಣುವ ಹಾಗೆ ಇಡು ಎಂದರು. ಇಟ್ಟೆ. ತಾವು ಅದರ ಪಕ್ಕದ ಕುರ್ಚಿಯಲ್ಲಿ ಕೂತರು. ನಮ್ಮ ಮನೆಯವರು ಅಂಗಡಿಗೆ ಹೊರಟವರು ತಾಯಿಯನ್ನೂ ಮೇಜನ್ನೂ ಸರದಿಯಲ್ಲಿ ನೋಡಿ, ನನ್ನ ಕಡೆ ಹುಬ್ಬು ಏರಿಸಿ, ಏನೂ ಕೇಳದೆ ಚಪ್ಪಲಿ ಮೆಟ್ಟಿ ಹೋದರು. ಜಾಣರು.

ಆ ವಾರವೆಲ್ಲ ಕಣ್ಣಿನ ಆಪರೇಷನ್ ಆಯಿತಂತೆ, ಹೇಗಿದ್ದೀರಿ ಎಂದು ಕೇಳಲು ಜನ ಬರುತ್ತಲೇ ಇದ್ದರು. ಮೊದಲು ಬಂದವರು ಓಣಿಯ ಕೊನೆಯ ಮನೆಯ ಹಿರಿಯ ಹೆಂಗಸು, ಅತ್ತೆಯ ಓರಗೆಯವರು. ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ. ಕಣ್ಣಿನ ಮಾತೆಲ್ಲ ಮುಗಿದ ಮೇಲೆ ಅವರು, ಈ ಮೇಜು ಎಲ್ಲಿ ತಗೊಂಡ್ರಿ, ಭಾಳ ಚಂದ ಐತಲ್ಲ ಎಂದು ಕೇಳಿದ್ದು ಕೇಳಿಸಿತು. ಕೈಯಲ್ಲಿದ್ದ ಸಕ್ಕರೆಯ ಚಮಚ ಅಲ್ಲೇ ನಿಂತಿತು.

“ತಗೊಂಡಿದ್ದಲ್ಲ. ನಮ್ಮ ಸೊಸಿ ಬಳದಿದ್ದು” ಎಂದರು ಅತ್ತೆ. ಅದರ ಹಿಂದೆಯೇ ಇದನ್ನೂ ಸೇರಿಸಿದರು. “ಭಾಳ ವರ್ಷದಿಂದ ಬಳೀತಾಳ. ನಾ ನೋಡಿದ್ದು ಈಗ.”

ಚಹಾ ಕುದಿದು ಸಿದ್ಧವಾಗಿತ್ತು. ನಾನು ಉರಿ ಸಣ್ಣ ಮಾಡಿ, ಇನ್ನೊಂದು ಸಲ ಹೇಳುತ್ತಾರೇನೋ ಎಂದು ಅಲ್ಲೇ ನಿಂತೆ.